ಆನ್ಸ್-ಬ್ಲಾಂಶಿನ ನೀಲಿ ವೋಟು

ಕಡಲತೀರದ ಹಳ್ಳಿ ಆನ್ಸ್-ಬ್ಲಾಂಶಿನವರು ಪಾರ್ಲಿಮೆಂಟಿಗೆ ಯಾರನ್ನು ಕಳಿಸಬೇಕೆಂದು ಎಂದೂ ತಲೆ ಕೆಡಿಸಿಕೊಂಡವರಲ್ಲ. ಅವರ ಬೇ-ಸೇಂಟ್-ರೋಕ್ ಕ್ಷೇತ್ರ ಹುಟ್ಟಿದಾಗಿನಿಂದ ಕೆಂಪು ಪಕ್ಷದ್ದು. ಲಾಬ್‌ಸ್ಟರ್ ಹಿಡಿಯುವ ಗೂಡಿಗೆ ಕೆಂಪು ಬಣ್ಣ ಬಳಿದು ನಿಲ್ಲಿಸಿದ್ದರೂ ಗೆದ್ದುಬಿಡುತ್ತಿತ್ತು. ರಾಜಧಾನಿ ಒಟ್ಟಾವಾಕ್ಕೆ ಹೋದಮೇಲೆ ಅದೂ ನಮ್ಮ ಸದಸ್ಯರು ಮಾತಾಡಿದಷ್ಟೇ ಮಾತಾಡುತ್ತಿತ್ತು.

ಇಂಥ ಊರಿನ ಪೆಟ್ಟಿಗೆಯಲ್ಲಿ ಪ್ರತಿ ಚುನಾವಣೆಗೂ ಎದುರು ಪಕ್ಷದ ಒಂದೇ ಒಂದು ನೀಲಿ ವೋಟು ಬೀಳುತ್ತಿತ್ತು. ಅದು ಅಲೀರ್ ಥೆರಿಯೋನದೇ ಎಂದು ಊರು ತೀರ್ಮಾನಿಸಿಬಿಟ್ಟಿತ್ತು.

ಅದಕ್ಕೆ ಕಾರಣ ಕೆಸರು. ಅಲೀರ್ ಮದುವೆಯಾದ ವರ್ಷ ವೋಟು ಕೇಳಲು ಬಂದ ನೀಲಿ ಅಭ್ಯರ್ಥಿಯ ಕಾರು ಚರ್ಚಿನ ತಿರುವಿನಲ್ಲಿ ಹೂತುಕೊಂಡಿತು. ಎತ್ತು ಹೊಡೆದುಕೊಂಡು ಬರುತ್ತಿದ್ದ ಅಲೀರ್ ಹಗ್ಗ ಕಟ್ಟಿ ಎಳೆಸಿದ. ಕೆಸರಲ್ಲಿ ಸಿಕ್ಕಿಕೊಂಡವನ ಪಕ್ಷ ಯಾವುದೆಂದು ಕೇಳುವಷ್ಟು ಬುದ್ಧಿ ಪಾಪ ಅವನಿಗಿರಲಿಲ್ಲ. ಅಲ್ಲಿಯವರೆಗೆ ಅನಾಥವಾಗಿದ್ದ ವೋಟಿಗೆ ಅಂದು ವಾರಸುದಾರ ಸಿಕ್ಕಿದ. ಅಂದಿನಿಂದ ಅವನು ನೀಲಿ ಅಲೀರ್, ಅವನ ಎತ್ತುಗಳೂ ನೀಲಿ ಎತ್ತುಗಳು.

ಅಲೀರ್ ಹಾಕುತ್ತಿದ್ದದ್ದು ಕೆಂಪಿಗೇ. ಅವನ ಅಪ್ಪ, ಅಜ್ಜ ಎಲ್ಲರೂ ಹಾಕಿದ್ದು ಅದಕ್ಕೇ. ಚರ್ಚಿನ ಮೆಟ್ಟಿಲ ಮೇಲೆ ನಿಂತು ಆಣೆಯನ್ನೂ ಹಾಕಿದ. “ತಪ್ಪು ಮಾಡದವನು ಆಣೆ ಯಾಕೆ ಹಾಕ್ತಾನೆ?” ಎಂದರು ಊರವರು.

ಮೀನು ಹಿಡಿದೂ ಹಿಡಿದೂ ಸಮುದ್ರದ ತಣ್ಣೀರು ಅವನ ಮೊಣಕಾಲುಗಳನ್ನು ತಿಂದುಹಾಕಿದ ಹೊತ್ತಿಗೆ ದೋಣಿ ಕಟ್ಟುವ ಧಕ್ಕೆಯನ್ನು ಕಾಯುವ ಸರ್ಕಾರಿ ಕೆಲಸ ಖಾಲಿಯಾಯಿತು. ಧಕ್ಕೆಯ ತುದಿಯ ಗುಡಿಸಲಲ್ಲಿ ಒಲೆಯ ಪಕ್ಕ ಕೂತು ದೋಣಿಗಳ ಸುಂಕ ವಸೂಲಿ ಮಾಡುವುದು, ಅಷ್ಟೇ. ಆ ಕೆಲಸ ಕೊಡಿಸುವವನು ಅಂಗಡಿಯ ಒನೆಸಿಮ್ ದುಸೆ. ಚುನಾವಣೆಯ ದಿನ ಮನೆಮನೆಗೆ ಅರ್ಧ ಸೀಸೆ ರಮ್ ಹಂಚುತ್ತಿದ್ದವನೂ, ಕೆಂಪು ಪಕ್ಷದ ಮೇಲಿನವರ ಕಿವಿಯಲ್ಲಿ ಮಾತು ಹಾಕುತ್ತಿದ್ದವನೂ ಅವನೇ.

“ಮಾವ, ದೋಣಿ ಹತ್ತೋಕೆ ಕಾಲೇ ಏಳ್ತಿಲ್ಲ. ಆ ಕೆಲಸ ನನಗೆ ಕೊಡಿಸಿ,” ಎಂದು ಅಲೀರ್ ಟೋಪಿ ಕೈಯಲ್ಲಿ ಹಿಡಿದು ನಿಂತ.

“ನನಗೇನೋ ಮಾರಾಯ, ಇವತ್ತೇ ಕೊಡಿಸಿಬಿಡ್ತಿದ್ದೆ,” ಒನೆಸಿಮ್ ನಿಟ್ಟುಸಿರು ಬಿಟ್ಟ. “ನಿಮ್ಮೂರಲ್ಲಿ ಆ ನೀಲಿ ಯಾರು ಅಂತ ಮೇಲಿನವರು ಕೇಳಿದ್ರೆ? ನಾನು ಸುಳ್ಳು ಹೇಳೋ ಮನುಷ್ಯನಾ?”

ಕೆಲಸ ಒನೆಸಿಮನ ಸೋದರಳಿಯನಿಗೆ ಹೋಯಿತು. ಅವನಿಗೆ ದೋಣಿಯ ಹಗ್ಗಕ್ಕೆ ಗಂಟು ಹಾಕಲೂ ಬರುತ್ತಿರಲಿಲ್ಲ. ಅಲೀರ್ ಕುಂಟುತ್ತಲೇ ಸಮುದ್ರಕ್ಕೆ ಹೋಗುತ್ತಿದ್ದ.

ಒಂದು ಚಳಿಗಾಲ ಒನೆಸಿಮ್ ತೀರಿಕೊಂಡ. ಕೊನೆಯುಸಿರಿನವರೆಗೂ ಕೆಂಪಾಗಿದ್ದವರು ಎಂದು ಪಾದ್ರಿಗಳೇ ಹೊಗಳಿದರು. ಅಂಗಡಿ, ರಮ್ಮು, ಪಕ್ಷ ಮೂರೂ ಮಗ ಮೆದಾರನ ಪಾಲಾದವು. ಅಷ್ಟರಲ್ಲಿ ಸೋದರಳಿಯ ಧಕ್ಕೆ ಬಿಟ್ಟು ಪಟ್ಟಣ ಸೇರಿದ್ದ. ಅಲೀರ್ ಮತ್ತೆ ಹೋಗಿ ಕೇಳಿದ. ಮೆದಾರ್ ಅಪ್ಪನ ನಿಟ್ಟುಸಿರನ್ನೇ ಬಿಟ್ಟ.

“ಮಾಡದ ಪಾಪಕ್ಕೆ ಇಷ್ಟು ವರ್ಷ ಬೈಸಿಕೊಂಡ್ರಿ,” ಎಂದಳು ಹೆಂಡತಿ ಜೆಲಿ, ಆಲೂಗಡ್ಡೆ ತುರಿಯುತ್ತಾ. “ಒಂದ್ಸಲ ಮಾಡಿಯಾದ್ರೂ ನೋಡಿ, ಲೆಕ್ಕ ಸರಿಹೋಗ್ಲಿ.”

ಅದಾದಮೇಲೆ ಬಂದ ಚುನಾವಣೆಯಲ್ಲಿ ಅಲೀರ್ ನೀಲಿಗೆ ಗುರುತು ಹಾಕಿದ. ಚರ್ಚಿನ ತೀರ್ಥದ ಬಟ್ಟಲಲ್ಲಿ ಉಗುಳಿದವನ ಹಾಗೆ ಅತ್ತಿತ್ತ ನೋಡಿ ಚೀಟಿ ಮಡಚಿದ. ಸಂಜೆ ಶಾಲೆಯಲ್ಲಿ ಎಣಿಕೆಗೆ ಎಲ್ಲರಿಗಿಂತ ಮುಂದೆ ಕೂತ. ಇವತ್ತು ಎರಡು ಬೀಳುತ್ತವೆ, ನಿಜವಾದ ನೀಲಿ ಇನ್ನೊಬ್ಬ ಇದ್ದಾನೆಂದು ಇವರಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದ.

“ನೀಲಿ, ಒಂದು,” ಎಂದು ಕೂಗಿ ಅಧಿಕಾರಿ ಪೆಟ್ಟಿಗೆ ಬೋರಲು ಹಾಕಿದ.

ಮರುದಿನ ಮೆದಾರ್ ರಮ್ ಸೀಸೆ ಹಿಡಿದು ಹಿತ್ತಲ ಬಾಗಿಲಿಗೆ ಬಂದ. ಅವನ ಕಣ್ಣಲ್ಲಿ ನೀರಿತ್ತು.

“ಅಲೀರ್ ಮಾವ, ನಮ್ಮ ಮನೆತನ ಉಳಿಸಿದ್ರಿ. ಇಷ್ಟು ವರ್ಷ ಬೀಳ್ತಿದ್ದ ಆ ವೋಟು ಅಪ್ಪಂದು. ಸಾಯೋ ಮುಂಚೆ ಹೇಳಿದ್ರು.”

“ನಿಮ್ಮಪ್ಪಂದಾ?”

“ಪೂರ್ತಿ ಕೆಂಪಾದ ಊರಿಗೆ ಮೇಲಿನವರು ರಮ್ಮೂ ಕಳಿಸಲ್ಲ, ಧಕ್ಕೆಗೆ ಹಲಗೇನೂ ಕಳಿಸಲ್ಲ. ಒಂದು ನೀಲಿ ಇದ್ರೆ ಕಾವಲಿಗೆ ನಾವು ಬೇಕಾಗ್ತೀವಿ. ಈ ಸಲ ನಾನೇ ಹಾಕಬೇಕಿತ್ತು, ಕೈ ಬರಲಿಲ್ಲ. ಒಂದೂ ಬೀಳಲ್ಲ ಅಂತ ಹೆದರಿ ಕೂತಿದ್ದೆ. ನೀವು ದೇವರ ಹಾಗೆ ಹಾಕಿದ್ರಿ!”

ಅಲೀರನಿಗೆ ಮೈಯೆಲ್ಲ ಉರಿಯಿತು. ಅರ್ಧ ಆಯುಷ್ಯ ಹೊತ್ತ ಹೆಸರು ಸತ್ತವನದು! ಆದರೂ ಮೊಣಕಾಲು ನೆನಪಾಗಿ ಕೇಳಿಯೇಬಿಟ್ಟ. “ಹಾಗಾದ್ರೆ ಧಕ್ಕೆ ಕೆಲಸ ನಂಗೆ ಕೊಡಿಸ್ತೀಯಲ್ಲ?”

ಮೆದಾರ್ ನಿಜವಾಗಿಯೂ ನೊಂದುಕೊಂಡ. “ಅದು ಹೇಗಾಗತ್ತೆ ಮಾವ? ನೀವು ನೀಲಿಯವರಲ್ವಾ!”

ಜೆಲಿ ರಮ್ಮನ್ನು ಇಸಿದುಕೊಂಡು ಬಾಗಿಲು ಹಾಕಿದಳು. ಅಲೀರ್ ಯಾರಿಗೂ ಹೇಳಲಿಲ್ಲ. ಹೇಳಬೇಕೆಂದರೆ ತಾನು ಈ ಸಲ ನೀಲಿಗೆ ಹಾಕಿದ್ದನ್ನೂ ಒಪ್ಪಿಕೊಳ್ಳಬೇಕಿತ್ತು.

ಮುಂದಿನ ಚುನಾವಣೆಯಲ್ಲಿ ಅವನು ಅಪ್ಪ ಅಜ್ಜಂದಿರಂತೆ ಕೆಂಪಿಗೇ ಹಾಕಿ, ಸಂಜೆ ಶಾಲೆಗೆ ಹೋಗಿ ಕೂತ. ಈ ಸಲ ಒಂದೂ ನೀಲಿ ಇಲ್ಲದಿದ್ದರೆ ನೀಲಿ ಅಲೀರ್ ತಿದ್ದಿಕೊಂಡನೆಂದು ಊರು ಕ್ಷಮಿಸುತ್ತಿತ್ತು, ಕೆಲಸವೂ ಸಿಗುತ್ತಿತ್ತು.

“ನೀಲಿ, ಒಂದು.”

ಊರೆಲ್ಲ ತಿರುಗಿ ಅಲೀರನನ್ನು ನೋಡಿತು. ಅಲೀರ್ ಮೆದಾರನನ್ನು ನೋಡಿದ. “ನಾಚಿಕೆ ಆಗಲ್ವಾ ನಿಮಗೆ? ಈ ವಯಸ್ಸಲ್ಲೂ!” ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಮೆದಾರನೇ.