ಕಿವಿಗಳು ಡಿ ಖಾನೆಗೆ ಹೋದ ಮಧ್ಯಾಹ್ನ

ನಮ್ಮ ಮನೆ ಇರುವುದು ಹೊಸದುರ್ಗದ ಹೊರಗೆ, ತೆಂಗಿನ ತೋಟದೊಳಗೆ. ಬೋರ್‌ವೆಲ್ ಮೋಟಾರು ಓಡುವಷ್ಟು ಹೊತ್ತು ಮನೆಯ ಫ್ಯಾನು ತಿರುಗಲಾರದೆ ತಿರುಗುತ್ತದೆ, ಕಂಪ್ಯೂಟರಂತೂ ಆರಿಯೇ ಹೋಗುತ್ತದೆ. ಅದಕ್ಕೇ ಮಗ ಸ್ಟಾರ್ಟರ್ ಒತ್ತುವ ಮೊದಲು "ಮೋಟ್ರೂ..." ಎಂದು ಕೂಗುತ್ತಿದ್ದ. ಒಳಗಿನಿಂದ ಮೊಮ್ಮಗಳು "ಹಾಕಪ್ಪಾ" ಎಂದ ಮೇಲೆಯೇ ಒತ್ತುತ್ತಿದ್ದ. ಆಮೇಲೆ ಸ್ಟಾರ್ಟರಿಗೆ ಆಟೋ ಹಾಕಿಸಿದ. ತೋಟಕ್ಕೆ ಕೊಡುವ ತ್ರೀಫೇಸ್ ಕರೆಂಟ್ ಬಂದ ಕೂಡಲೇ ಮೋಟಾರು ತಾನೇ ಓಡುತ್ತದೆ, ಯಾರೂ ಕೂಗಬೇಕಿಲ್ಲ. ಸೋಮಾರಿಗಳ ಯಂತ್ರ ಇದು ಎಂದು ಅವತ್ತೇ ಹೇಳಿದ್ದೆ.

ಮೊಮ್ಮಗಳದು ಎಂ.ಎ. ಕೊನೆಯ ವರ್ಷ. ಓದಿನ ಕೆಲಸಕ್ಕೆಂದು ಕುರಿಗಳ ಕಿವಿಯ ಫೋಟೋ ತೆಗೆದಿದ್ದಳು. ನಗಬೇಡಿ. ನನ್ನ ತವರು ಕುರಿ ಕಾಯುವವರದು. ಮರಿಯ ಕಿವಿಗೆ ಒಂದೊಂದು ಮನೆಯವರು ಒಂದೊಂದು ಥರ ಕಚ್ಚು ಹಾಕುತ್ತಾರೆ. ಎರಡು ಮಂದೆ ಕಲೆತರೂ ಕಿವಿ ನೋಡಿ ಬೇರೆ ಮಾಡುತ್ತಾರೆ. ತಾಳ್ಯದ ಕಡೆ, ತುರುವನೂರಿನ ಕಡೆ ಮಂದೆಗಳ ಹಿಂದೆ ಬಿಸಿಲಲ್ಲಿ ತಿರುಗಿ ಹುಡುಗಿ ಕಪ್ಪಾಗಿ ಬಂದಿದ್ದಳು. ಈಗ ಆ ಮಂದೆಗಳು ಮೇವು ಹುಡುಕಿಕೊಂಡು ಹಿರಿಯೂರು ದಾಟಿ ಹೋಗಿವೆ. ಮಳೆ ಬಿದ್ದ ಮೇಲೇ ವಾಪಸ್. ಬರಹ ಕಾಲೇಜಿಗೆ ಕೊಡಬೇಕಾದ್ದು ಮುಂದಿನ ವಾರ. ಫೋನಿನಲ್ಲಿ ಜಾಗ ಸಾಲದೆಂದು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ಅಲ್ಲಿದ್ದದ್ದನ್ನು ಅಳಿಸಿದ್ದಳು. ಕಂಪ್ಯೂಟರಿನಿಂದಲೂ ಹೋದರೆ ಅವಳ ವರ್ಷವೇ ಹೋದಂತೆ.

ಆ ಕಂಪ್ಯೂಟರೋ, ಗುಂಡಿ ಒತ್ತಿ ಮುದ್ದೆ ಕಟ್ಟಿ ಬಂದರೂ ಎದ್ದಿರುತ್ತಿರಲಿಲ್ಲ. "ಸಿ ತುಂಬೋಗೈತೆ. ಪೂರ್ತಿ ಅಳಿಸಿ ಹೊಸದಾಗಿ ಹಾಕ್ಬೇಕು. ನಿಮ್ಮ ಸಾಮಾನೆಲ್ಲ ಡಿಗೆ ಹಾಕ್ಕೊಂಡು ನಾಳೆ ತನ್ನಿ" ಎಂದನಂತೆ ಪೇಟೆಯ ರಿಪೇರಿಯವನು.

"ಡಿ ಅಂದ್ರೆ ಬೇರೆ ಡಬ್ಬೀನೇನೇ?" ಎಂದೆ.

"ಇಲ್ಲಜ್ಜಿ, ಡಬ್ಬಿ ಒಂದೇ, ಒಳಗೆ ಎರಡು ಖಾನೆ. ಒಂದನ್ನ ತೊಳೆದ್ರೆ ಇನ್ನೊಂದಕ್ಕೆ ಏನೂ ಆಗಲ್ಲ."

"ಮತ್ತೆ ಇಷ್ಟು ದಿನ ಎಲ್ಲಾನೂ ಒಂದ್ರಾಗೇ ಯಾಕೆ ತುರುಕಿದ್ದೆ?"

ಹುಡುಗಿ ತಟ್ಟೆ ಹಾಕಿಕೊಳ್ಳಲು ಎದ್ದು ಹೋದಳು.

ಉಂಡು ಕೈ ತೊಳೆದು ಕಂಪ್ಯೂಟರ್ ಮುಂದೆ ಕೂತಳು. ಫೋಲ್ಡರುಗಳನ್ನೆಲ್ಲ ಕಟ್ ಮಾಡಿ ಡಿ ಖಾನೆಯಲ್ಲಿ ಪೇಸ್ಟ್ ಮಾಡಿದಳು. ಎಷ್ಟು ಹೋಯಿತೆಂದು ತೋರಿಸುವ ಹಸಿರು ಪಟ್ಟಿ ಅರ್ಧಕ್ಕೆ ಬಂದಿತ್ತು. ಆ ವಾರ ತ್ರೀಫೇಸ್ ಸಂಜೆ ಬರುತ್ತಿತ್ತು. ಅವತ್ತು ಹೇಳದೆ ಕೇಳದೆ ಮಧ್ಯಾಹ್ನವೇ ಬಂತು. ಮೋಟಾರು ಗುಂಯ್ ಎಂದಿತು, ಫ್ಯಾನು ಕುಗ್ಗಿತು, ಪರದೆ ಕಪ್ಪಾಯಿತು. ಯುಪಿಎಸ್ ಸತ್ತು ಎಷ್ಟೋ ಕಾಲವಾಗಿತ್ತು.

ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಾನು ಎದ್ದು ಹೋಗಿ, ಕಿಟಕಿಯ ಹೊರಗೆ ಗೋಡೆಗೆ ಹೊಡೆದಿರುವ ಸ್ಟಾರ್ಟರ್ ಡಬ್ಬಿಯಲ್ಲಿ ಆಟೋ ಸ್ವಿಚ್ಚು ಕೆಳಗೆಳೆದು ಕೆಂಪು ಗುಂಡಿ ಒತ್ತಿದೆ. ಮೋಟಾರು ನಿಂತಿತು.

ಮಗ ಸಲಿಕೆ ಹಿಡಿದು ಬಂದ. ತೋಟದ ಆ ತುದಿಗೆ ಹೊಸ ತೆಂಗಿನ ಸಸಿ ಇಟ್ಟಿದ್ದ, ಗರಿ ಬಾಡಿದ್ದವು.

"ಯಾರು ನಿಲ್ಸಿದ್ದು?"

"ನಾನು."

"ಯಾಕವ್ವ? ಕರೆಂಟ್ ಯಾವಾಗ ಹೋಗ್ತೈತೋ ಗೊತ್ತಿಲ್ಲ. ಸಸಿ ಸಾಯ್ತಾವೆ."

"ಸಸಿ ಚೂರು ತಡೀತಾವೆ. ಇವಳದ್ದು ತಡೆಯಲ್ಲ."

"ಕುರಿ ಕಿವಿ ನೋಡಿ ಡಿಗ್ರಿ ಕೊಡ್ತಾರೇನು? ತೆಗಿ ಕೈ."

"ಲೇ, ತೆಗೆಸು ನೋಡಾಣ."

ತೆಗೆಸಲಿಲ್ಲ. ಸಲಿಕೆಯನ್ನು ನೆಲಕ್ಕೆ ಕುಕ್ಕಿ ನಿಂತ. ನಾನೂ ಡಬ್ಬಿಯ ಮೇಲೆ ಕೈಯಿಟ್ಟು ನಿಂತೆ.

ಕಂಪ್ಯೂಟರ್ ಎದ್ದಿತು. "ಅಜ್ಜೀ, ಅರ್ಧ ಇಲ್ಲೈತೆ, ಅರ್ಧ ಅಲ್ಲೈತೆ" ಎಂದಳು ಕಿಟಕಿಯಿಂದ. "ಈ ಸಲ ಕಟ್ ಮಾಡಲ್ಲ, ಕಾಪಿ ಮಾಡ್ತೀನಿ. ಹಳೇದು ಅಲ್ಲೇ ಇರ್ತೈತೆ."

ಅದು ನನಗೆ ತಿಳಿಯಿತು. ತವರಿನಲ್ಲಿ ಮಂದೆಯನ್ನು ಹೊಸ ರೊಪ್ಪಕ್ಕೆ ಹೊಡೆದ ದಿನ ಹಳೇ ರೊಪ್ಪದ ಮುಳ್ಳುಬೇಲಿ ಕೀಳುತ್ತಿರಲಿಲ್ಲ. ದಾರಿಯಲ್ಲಿ ತಪ್ಪಿಸಿಕೊಂಡ ಕುರಿ ಹಳೇ ಜಾಗಕ್ಕೇ ಬರುತ್ತದೆ. ಬೇಲಿ ಇಲ್ಲದಿದ್ದರೆ ಅದು ತೋಳದ ಪಾಲು.

"ಎಷ್ಟಾಯ್ತೇ?" ಮಗ ಕೂಗಿದ.

"ಮುಕ್ಕಾಲು."

"ಆಗ್ಲೂ ಮುಕ್ಕಾಲೇ ಅಂದಿದ್ದೆ."

"ಆಗ ಅರ್ಧ ಅಂದಿದ್ದೆ ಅಪ್ಪಾ!"

ಪಕ್ಕದ ತೋಟದ ಮೋಟಾರು ಓಡುವುದು ಕೇಳುತ್ತಿತ್ತು. ಮಗ ಅತ್ತ ನೋಡುತ್ತಿದ್ದ, ನನ್ನನ್ನು ನೋಡುತ್ತಿರಲಿಲ್ಲ.

"ಮುಗೀತು" ಎಂದಳು.

"ತೆಗೆದು ನೋಡಿ ಹೇಳು" ಎಂದೆ.

ಒಂದೊಂದೇ ತೆಗೆದಳು. ತುರುವನೂರು ಕಡೆಯ ಒಂದು ಮಂದೆಯ ಫೋಟೋ ಪೂರ್ತಿ ತೆರೆಯಲಿಲ್ಲ. ಮೇಲರ್ಧ ಕುರಿ, ಕೆಳಗೆ ಬರೀ ಬೂದಿ ಬಣ್ಣ. ವೋಲ್ಟೇಜ್ ಬಿದ್ದಾಗ ಡಿಗೆ ಹೋಗುತ್ತಿದ್ದುದು ಅದೇ ಇರಬೇಕು. ಹಳೇ ಖಾನೆ ತೆಗೆದಳು. ಅಲ್ಲಿತ್ತು ಅದು, ಪೂರ್ತಿ. ಎಡಗಿವಿಯ ತುದಿಯಲ್ಲಿ ಕಚ್ಚು. ಅದನ್ನೂ ಡಿಗೆ ಹಾಕಿ, ತೆರೆದು ತೋರಿಸಿ, ಕಂಪ್ಯೂಟರ್ ಆರಿಸಿದಳು. ಆಮೇಲೆ ಕೈ ತೆಗೆದೆ.

ಮಗ ಹಸಿರು ಗುಂಡಿ ಒತ್ತಿದ, ಮೋಟಾರು ಓಡಿತು. ಅರ್ಧ ಸಾಲಿಗೂ ನೀರು ಮುಟ್ಟಿರಲಿಲ್ಲ, ಕರೆಂಟ್ ಹೋಯಿತು. ಉಳಿದದ್ದಕ್ಕೆ ತೊಟ್ಟಿಯಿಂದ ಕೊಡದಲ್ಲಿ ಹೊತ್ತೆವು, ಮೂವರೂ. ಕೊನೆಯ ಸಾಲಿಗೆ ಬಂದಾಗ ಮಗ ತನ್ನ ಮಗಳನ್ನು ಕೇಳಿದ, "ಎಲ್ಲಾ ಕಿವಿ ಬಂದ್ವಾ?"

"ಬಂದ್ವಪ್ಪ."

"ಹಂಗಾದ್ರೆ ಇನ್ನೊಂದು ಕೊಡ ತಾ."

ಎರಡು ಸಸಿ ಉಳಿಯಲಿಲ್ಲ. ನನ್ನಿಂದ ಸತ್ತವು ಎಂದು ಮಗ ಈಗಲೂ ಹೇಳುತ್ತಾನೆ. ಹೇಳಲಿ. ಆಟೋ ಮಾತ್ರ ಅವತ್ತು ನಾನು ಎಳೆದಲ್ಲೇ ಇದೆ. ಈಗ ಮತ್ತೆ ಅಂಗಳದಲ್ಲಿ ನಿಂತು "ಮೋಟ್ರೂ..." ಎಂದು ಕೂಗುತ್ತಾನೆ, ಒಳಗಿನಿಂದ ಮಾತು ಬರುವವರೆಗೆ ಕಾಯುತ್ತಾನೆ.