ಮಹಾಪೂರದ ವರ್ಷ

ಯಡೂರಿನ ಭರಮು ಮಾಸ್ತರರಿಗೆ ಇತಿಹಾಸವೆಂದರೆ ಬೆರಳಿನಿಂದ ಎಳೆದು ತೋರಿಸುವ ವಸ್ತು. ಶಾಲೆಯ ಸ್ಮಾರ್ಟ್ ಬೋರ್ಡಿನಲ್ಲಿ ಉಪಗ್ರಹದ ನಕ್ಷೆ ತೆರೆದು ವರ್ಷದ ಪಟ್ಟಿಯನ್ನು ಹಿಂದಕ್ಕೆಳೆದರೆಂದರೆ ಕಬ್ಬು ಮಾಯವಾಗಿ ಹಳೆಯ ಬೀಳು ಹೊಲ ಮೂಡುತ್ತದೆ. ಈ ಚಟ ಶಾಲೆಯಲ್ಲೇ ನಿಂತಿದ್ದರೆ ಊರು ಸುಖವಾಗಿರುತ್ತಿತ್ತು. ಅಂಗಡಿಗೆ ಸಕ್ಕರೆ ಕೊಳ್ಳಲು ಹೋದರೂ ಮೊಬೈಲ್ ತೆಗೆದು, "ಸಾವ್ಕಾರ್ರ, ಅಜ್ಜನ ಕಾಲದ ಅಂಗಡಿ ಅಂತೀರಿ, ಮೊನ್ನಿ ಮೊನ್ನಿತನಕ ಇಲ್ಲಿ ತಿಪ್ಪಿ ಇತ್ತಲ್ರಿ!" ಎಂದು ಗಿರಾಕಿಗಳೆದುರೇ ಮಾನ ಕಳೆಯುತ್ತಾರೆ. ಕನ್ಯೆ ನೋಡಲು ಹೋಗುವವರು ಅವರ ಕಣ್ಣು ತಪ್ಪಿಸಿಯೇ ಹೊರಡುತ್ತಾರೆ. ಅಜ್ಜ ತೋಡಿಸಿದ್ದೆಂದು ಹೇಳಿಕೊಂಡ ವರನ ಬಾವಿ ನಿಜಕ್ಕೂ ಯಾವಾಗಿನದೆಂದು ಬೀಗರ ಮುಂದೆಯೇ ತೋರಿಸಿಬಿಟ್ಟಾರು ಎಂಬ ಭಯ. ಇಂಥವರು ಮಹಾಪೂರದ ವರ್ಷವನ್ನು ಮಾತ್ರ ಎಂದೂ ತೆರೆಯುವುದಿಲ್ಲ. ಆಗ ಕೃಷ್ಣೆ ಏರುತ್ತಿದ್ದಂತೆ ಊರೆಲ್ಲ ಗಂಟು ಕಟ್ಟಿತ್ತು. ಮಾಸ್ತರರು ಇದೇ ನಕ್ಷೆಯ ಹಿಂದಿನ ವರ್ಷಗಳನ್ನೆಲ್ಲ ಹೆಂಡತಿ ಕೆಂಪವ್ವನಿಗೆ ತೋರಿಸಿ, "ನೀರು ನಮ್ಮ ಹಿತ್ತಲಾ ಎಂದೂ ದಾಟಿಲ್ಲ, ನೀ ಎಮ್ಮಿ ನೋಡ್ಕೋತ ಮನ್ಯಾಗ ಇರು" ಎಂದು ಹೇಳಿ ಚಿಕ್ಕೋಡಿಗೆ ಹೋಗಿದ್ದರು. ಎಮ್ಮೆ ಈಜಿ ದಡ ಸೇರಿತು, ಕೆಂಪವ್ವ ಸೇರಲಿಲ್ಲ. ಮೊನ್ನೆ, ಹೊಸದಾಗಿ ಶಾಲೆಗೆ ಸೇರಿದ ಕೋಮಲ ಏನೂ ಅರಿಯದೆ ಪಟ್ಟಿಯನ್ನು ಮುಂದಕ್ಕೆಳೆದಳು. ಬೋರ್ಡೆಲ್ಲ ಕೆಸರಿನ ಬಣ್ಣವಾಯಿತು. "ಸರ್, ನದಿ ಬಾಜೂಕ ಒಂದ ಮನಿ ಇತ್ತಲ್ರಿ, ಯಾರದ್ರಿ ಅದು?" ಎಂದು ಕೇಳಿದಳು. ಮಾಸ್ತರರು ಬೋರ್ಡಿನ ಕಡೆ ತಿರುಗದೆ ಮೆಲ್ಲಗೆ ಹೇಳಿದರು: "ಅದು ಪರೀಕ್ಷಾದಾಗ ಬರಂಗಿಲ್ಲ, ಕುಂಡ್ರವ್ವಾ."