ಫೋನಿನಲ್ಲಿ ಬಂದ ಅಪ್ಪಣೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕೊಯಮತ್ತೂರಿನ ಹತ್ತಿರ ಕಾರಮಡೈಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಮ್ಮ ಮನೆ ಸಿರುಮುಗೈಯಲ್ಲಿತ್ತು. ಅಪ್ಪ ಮಗ್ಗದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮ ಬೀದಿಯಲ್ಲಿ ನರ್ಸಿಂಗ್ ಓದಿದ ಮೊದಲ ಹುಡುಗಿ ನಾನೇ ಆದ್ದರಿಂದ ಕೈ ಕೊಯ್ದುಕೊಂಡವರೂ ಕೂಸಿಗೆ ಜ್ವರ ಬಂದವರೂ ನಮ್ಮ ಜಗಲಿಗೇ ಬರುತ್ತಿದ್ದರು. ಅಪ್ಪನಿಗೆ ಅದು ದೊಡ್ಡ ಹೆಮ್ಮೆ.

ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ತಮಿಳರು ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ 'ಕಣ್ಣು' ಎನ್ನುತ್ತಿದ್ದರು. ನಾನು ಆ ಸೀಮೆಯ ಮರ್ಯಾದೆಯಂತೆ 'ಹೌದುಂಗಮ್ಮ', 'ಸರಿಂಗಮ್ಮ' ಎನ್ನುತ್ತಿದ್ದೆ. ದೀಪಾವಳಿಗೆ ತಮ್ಮ ಮಗಳಿಗೆ ತೆಗೆದ ಅಂಗಡಿಯಲ್ಲೇ ನನಗೂ ಸೀರೆ ತೆಗೆಯುತ್ತಿದ್ದರು. "ಇವಳಿದ್ದರೆ ನಾನು ಇದ್ದ ಹಾಗೆ" ಎಂದು ಬಂದವರ ಎದುರು ಹೇಳುತ್ತಿದ್ದರು. ನಾನು ಆ ಮಾತನ್ನು ಪೂರ್ತಿ ನಂಬಿದ್ದೆ. ಚಿಕ್ಕಮ್ಮನ ಮಗಳು ಶಾಲೆ ಮುಗಿಸಿ ಸುಮ್ಮನೆ ಮನೆಯಲ್ಲಿದ್ದಾಗ ಡಾಕ್ಟರಮ್ಮನಿಗೆ ಹೇಳಿ ಅವಳನ್ನೂ ಆಯಾ ಕೆಲಸಕ್ಕೆ ಸೇರಿಸಿದೆ. ಅಕ್ಕತಂಗಿಯರಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು.

ಒಂದು ಮುಹೂರ್ತದ ದಿನ ಡಾಕ್ಟರಮ್ಮ ಕೊಯಮತ್ತೂರಿಗೆ ಮದುವೆಗೆ ಹೋಗಿದ್ದರು. ಛತ್ರದ ಫೋನ್ ನಂಬರ್ ಕೊಟ್ಟಿದ್ದರು. ಬಾಳೆತೋಟದ ಮನೆಯೊಂದರ ಸೊಸೆ ಬೆಳಗ್ಗೆಯಿಂದ ನೋವು ತಿನ್ನುತ್ತಿದ್ದಳು. ಮಧ್ಯಾಹ್ನವಾದರೂ ಕೂಸಿನ ತಲೆ ಕೆಳಗಿಳಿಯಲಿಲ್ಲ. ನಾನು ಫೋನ್ ಮಾಡಿದೆ. ಆ ಕಡೆ ನಾಗಸ್ವರದ ಸದ್ದು. ನೋವು ಬರಿಸುವ ಇಂಜೆಕ್ಷನ್ ಹಾಕು, ನಾನು ಹೊರಟೆ ಎಂದರು ಡಾಕ್ಟರಮ್ಮ.

"ತಲೆ ಇನ್ನೂ ಮೇಲೇ ಇದೇಂಗಮ್ಮ. ಆದರೂ ಹಾಕಲೇ?" ಎಂದು ನಾನು ಕೂಗಿಯೇ ಕೇಳಿದೆ.

"ಹಾಕು ಕಣ್ಣು, ನನಗೆ ಗೊತ್ತಿಲ್ಲವಾ?"

"ಸರಿಂಗಮ್ಮ, ಈಗಲೇ ಹಾಕುತ್ತೇನೆ."

ನಾನು ಫೋನ್ ಇಡುವಷ್ಟರಲ್ಲಿ, ಪಕ್ಕದಲ್ಲೇ ನಿಂತಿದ್ದ ತಂಗಿ ಕುದಿಸಿದ ಸಿರಿಂಜನ್ನು ತಟ್ಟೆಯಲ್ಲಿ ತಂದು ಹಿಡಿದಿದ್ದಳು. ಇಂಜೆಕ್ಷನ್ ಹಾಕಿದೆ. ನೋವು ಜೋರಾಗಿ ಗರ್ಭಕೋಶ ಹರಿಯಿತು, ಕೂಸು ಉಳಿಯಲಿಲ್ಲ. ತಾಯಿಗೆ ರಕ್ತ ನಿಲ್ಲದೆ, ಡಾಕ್ಟರಮ್ಮ ಬಂದ ಕಾರಿನಲ್ಲೇ ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಅವಳ ಜೀವ ಉಳಿಯಿತು, ಗರ್ಭಕೋಶ ಉಳಿಯಲಿಲ್ಲ.

ಆ ಮನೆಯವರು ಮದ್ರಾಸಿನ ಮೇಲಧಿಕಾರಿಗಳಿಗೆ ದೂರು ಕೊಟ್ಟರು. ಡಾಕ್ಟರಮ್ಮ ನನ್ನ ತಲೆ ಸವರಿ, "ನಾನಿದ್ದೇನೆ, ನೀನು ಸ್ವಲ್ಪ ದಿನ ಮನೆಯಲ್ಲಿರು" ಎಂದರು. ಇದ್ದೆ. ಕೆಲವು ತಿಂಗಳ ಮೇಲೆ ನರ್ಸುಗಳ ಹೆಸರು ದಾಖಲಿಸುವ ಮಂಡಳಿಯಿಂದ ಆದೇಶ ಬಂತು. ಡಾಕ್ಟರ ಅಪ್ಪಣೆಯಿಲ್ಲದೆ ಇಂಜೆಕ್ಷನ್ ಕೊಟ್ಟಿದ್ದರಿಂದ ನನ್ನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲಾಗಿದೆ, ಇನ್ನು ನರ್ಸ್ ಕೆಲಸ ಮಾಡುವಂತಿಲ್ಲ ಎಂದಿತ್ತು. ತಾವು ಬರುವವರೆಗೆ ಕಾಯಲು ಹೇಳಿದ್ದಾಗಿ ಡಾಕ್ಟರಮ್ಮ ಬರೆದುಕೊಟ್ಟಿದ್ದರು. ಮಂಡಳಿ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ನಾನು ಆ ಕಾಗದ ಹಿಡಿದು ಆಸ್ಪತ್ರೆಗೆ ಓಡಿದರೆ, ಡಾಕ್ಟರಮ್ಮ ಊಟಕ್ಕೆ ಕುಳಿತಿದ್ದಾರೆ ಎಂದು ಬಾಗಿಲಲ್ಲೇ ತಡೆದರು. ನನ್ನನ್ನು ಆ ಬಾಗಿಲಲ್ಲಿ ತಡೆದದ್ದು ಅದೇ ಮೊದಲು. ಬಿಸಿಲಿನಲ್ಲಿ ಎಷ್ಟು ಹೊತ್ತು ನಿಂತೆನೋ ತಿಳಿಯದು. ಅವರ ಊಟ ಮುಗಿಯಲೇ ಇಲ್ಲ.

ಅಪ್ಪ ಪರಿಚಯದವರ ಮೂಲಕ ಮದ್ರಾಸಿನಲ್ಲಿ ಒಬ್ಬ ವಕೀಲರನ್ನು ಹಿಡಿದರು. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದೆವು. ಅದು ವಿಚಾರಣೆಗೆ ಬರುವವರೆಗೆ ನಾನು ಮನೆಯಲ್ಲಿ ಅಪ್ಪನ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟೆ. ಜಗಲಿಗೆ ಬರುತ್ತಿದ್ದವರು ಬರುವುದನ್ನು ಬಿಟ್ಟರು. ತಂಗಿ ಮಾತ್ರ ಆಸ್ಪತ್ರೆಯಿಂದ ಬಂದ ಕೂಡಲೇ ನನ್ನ ಪಕ್ಕ ಕುಳಿತು ಸಮಾಧಾನ ಹೇಳುತ್ತಿದ್ದಳು.

"ನಾನ್ ಕಿವಿಯಾರೆ ಕೇಳಿವ್ನಿ ಅಕ್ಕ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ನೀನ್ ಅಳ್ಬ್ಯಾಡ."

ಹೈಕೋರ್ಟಿನಲ್ಲಿ ಗೆದ್ದೆವು. ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ವಕೀಲರು ಹೊರಗೆ ಬಂದು ತಮಿಳಿನಲ್ಲಿ ತಿಳಿಸಿದರು. ನನ್ನನ್ನು ಕೇಳದೆ ಮಾಡಿದ ಆದೇಶ ರದ್ದಾಗಿದೆ. ಮಂಡಳಿ ಮತ್ತೆ ವಿಚಾರಣೆ ನಡೆಸಬೇಕು, ಸಾಕ್ಷಿಗಳನ್ನು ಪ್ರಶ್ನಿಸಲು ನನಗೆ ಬಿಡಬೇಕು.

"ಹಾಗಾದರೆ ನನ್ನ ಮಗಳು ತಪ್ಪು ಮಾಡಿಲ್ಲ ಎಂದರಾ?" ಎಂದು ಅಪ್ಪ ಕೇಳಿದರು.

"ಅದನ್ನು ಕೋರ್ಟು ನೋಡುವುದಿಲ್ಲ ಐಯಾ. ನೋಡಿದವರು ಸರಿಯಾದ ರೀತಿಯಲ್ಲಿ ನೋಡಿದರಾ ಅನ್ನುವುದಷ್ಟೇ ನೋಡುತ್ತದೆ."

ಅಪ್ಪನಿಗೆ ಅದು ಅರ್ಥವಾಗಲಿಲ್ಲ. ನನಗೂ ಅರ್ಧ ಮಾತ್ರ ಅರ್ಥವಾಯಿತು. ಆದರೂ ಅವತ್ತು ಸಂತೋಷವಾಗಿತ್ತು. ಇನ್ನೇನು, ತಂಗಿ ಬಂದು ಕೇಳಿದ್ದನ್ನು ಹೇಳಿದರೆ ಆಯಿತು ಅಂದುಕೊಂಡೆ.

ಎರಡನೆಯ ವಿಚಾರಣೆ ಮಂಡಳಿಯ ಕಚೇರಿಯ ಉದ್ದನೆಯ ಕೋಣೆಯಲ್ಲಿ ನಡೆಯಿತು. ತಂಗಿ ನಮ್ಮ ಜೊತೆ ರೈಲಿಗೆ ಬರುತ್ತೇನೆಂದವಳು ಕೊನೆಯ ಗಳಿಗೆಯಲ್ಲಿ ಹೊಟ್ಟೆನೋವು ಎಂದಿದ್ದಳು. ನಾವು ಒಳಗೆ ಹೋದಾಗ ಡಾಕ್ಟರಮ್ಮನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಳು, ಹೊಸ ಸೀರೆ ಉಟ್ಟು. ಡಾಕ್ಟರಮ್ಮ ನನ್ನನ್ನು ಕಂಡು, "ತಿಂಡಿ ಆಯ್ತಾ ಕಣ್ಣು?" ಎಂದರು. ಅಷ್ಟು ಸಹಜವಾಗಿ ಕೇಳಿದರೆಂದರೆ, ನನ್ನ ಬಾಯಿಂದ "ಆಯ್ತುಂಗಮ್ಮ" ಎಂದು ಬಂದೇಬಿಟ್ಟಿತು.

ಅಧ್ಯಕ್ಷರು ತಂಗಿಯನ್ನು ತಮಿಳಿನಲ್ಲಿ ಕೇಳಿದರು. ಅವಳು ನೆಲ ನೋಡಿಕೊಂಡು, ತಾನು ಹಿಂದಿನ ಕೋಣೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ, ಫೋನಿನ ಮಾತು ಕೇಳಿಸಲಿಲ್ಲ ಎಂದಳು. ನೀವು ಏನಾದರೂ ಕೇಳುವುದಿದ್ದರೆ ಕೇಳಿ ಎಂದರು ಅಧ್ಯಕ್ಷರು ನನಗೆ. ಹೈಕೋರ್ಟು ಕೊಡಿಸಿದ ಹಕ್ಕು ಅದು. ತಮಿಳಿನಲ್ಲಿ ಕೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು.

"ಏಯ್, ನನ್ ಮೊಕ ನೋಡ್ ಹೇಳು. ಸಿರಿಂಜ್ ಕುದ್ಸಿ ತಂದ್ ಕೊಟ್ಟಿದ್ ಯಾರು?"

"ನೀನೇ ತಕಂಡೆ ಅಕ್ಕ," ಎಂದಳು, ಮನೆಯ ಮಾತಿನಲ್ಲೇ.

"ಇಲ್ಲಿ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಮಾತಾಡಿ," ಎಂದು ಅಧ್ಯಕ್ಷರು ತಡೆದರು. ಅದೇ ಪ್ರಶ್ನೆಯನ್ನು ತಮಿಳಿನಲ್ಲಿ ಕೇಳಿದೆ. ಅದೇ ಉತ್ತರವನ್ನು ಅವಳು ತಮಿಳಿನಲ್ಲಿ ಕೊಟ್ಟಳು. ಬರೆದುಕೊಂಡರು.

ಹೊರಗೆ ಮೆಟ್ಟಿಲ ಹತ್ತಿರ ಅವಳ ಕೈ ಹಿಡಿದು ನಿಲ್ಲಿಸಿದೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ನರ್ಸ್ ಟ್ರೈನಿಂಗ್‌ಗೆ ಸೇರುಸ್ತೀನಿ ಅಂದವ್ರೆ ಅಕ್ಕ. ನಿಂಗೆ ಹೆಂಗೂ ಹೋಯ್ತು. ನಂಗಾದ್ರೂ ಸಿಗ್ಲಿ."

ಮಂಡಳಿ ಈ ಸಲ ಕರುಣೆ ತೋರಿಸಿತು. ತಪ್ಪು ನನ್ನದೇ, ಆದರೆ ಇಷ್ಟು ದಿನ ಹೊರಗಿದ್ದದ್ದೇ ಸಾಕು ಎಂದು ಹೆಸರನ್ನು ಮತ್ತೆ ಸೇರಿಸಿತು. ನನಗೆ ಆ ಕರುಣೆ ಬೇಡವಾಗಿತ್ತು. ಮತ್ತೆ ರಿಟ್ ಹಾಕಿ ಎಂದು ಹಟ ಹಿಡಿದೆ. ವಕೀಲರು ಬೇಡವೆಂದರೂ ಹಾಕಿದರು. ಸಿಬ್ಬಂದಿ ಫೈಲು ತೆಗೆದು ಮುಚ್ಚುವಷ್ಟರಲ್ಲಿ ಅದು ವಜಾ ಆಯಿತು. ನಿಮ್ಮನ್ನು ಕೇಳಿದ್ದಾರೆ, ಪ್ರಶ್ನಿಸಲು ಬಿಟ್ಟಿದ್ದಾರೆ, ಸಾಕ್ಷ್ಯವೂ ಇದೆ. ಸಾಕ್ಷಿ ಹೇಳಿದ್ದು ಸುಳ್ಳೋ ನಿಜವೋ ಎಂದು ತೂಗಿ ನೋಡಲು ನಾವು ಕುಳಿತಿಲ್ಲ ಎಂದರಂತೆ ನ್ಯಾಯಾಧೀಶರು. ಮೊದಲ ಸಲ ನನ್ನನ್ನು ಗೆಲ್ಲಿಸಿದ ಮಾತೇ ಎರಡನೆಯ ಸಲ ನನ್ನನ್ನು ಹೊರಗೆ ಕಳಿಸಿತು.

ಊರಿಗೆ ಬಂದ ಮೇಲೆ ನನ್ನ ಸರ್ಟಿಫಿಕೇಟುಗಳನ್ನು ತರಲು ಆಸ್ಪತ್ರೆಗೆ ಹೋದೆ. ಈ ಸಲ ಯಾರೂ ತಡೆಯಲಿಲ್ಲ. ಡಾಕ್ಟರಮ್ಮ ಒಬ್ಬರೇ ಇದ್ದರು.

"ನೀವು ಹಾಕು ಅಂದದ್ದು ನಿಜ ತಾನೇಂಗಮ್ಮ?" ಎಂದೆ.

ಅವರು ಬಾಗಿಲ ಕಡೆ ನೋಡಿದರು. "ನಿಜ. ನನ್ನ ಹೆಸರು ಹೋಗಿದ್ದರೆ ಆಸ್ಪತ್ರೆಯನ್ನೇ ಮುಚ್ಚಬೇಕಾಗಿತ್ತು. ನೀನು ಸಣ್ಣವಳು, ತಡೆದುಕೊಳ್ಳುತ್ತೀ ಅಂದುಕೊಂಡೆ. ಮತ್ತೆ ಇಲ್ಲಿಗೇ ಬಾ ಕಣ್ಣು. ನಿನ್ನ ಹಾಗೆ ಕೆಲಸ ಮಾಡುವವರು ನನಗೆ ಯಾರೂ ಸಿಕ್ಕಿಲ್ಲ."

ಆ ಬಾಯಿಂದ ಒಮ್ಮೆ ನಿಜ ಕೇಳಿದರೆ ಎದೆ ಹಗುರವಾಗುತ್ತದೆ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಆಗಲಿಲ್ಲ. ಅವರು ಅದನ್ನು ಬೇರೆ ಯಾರ ಮುಂದೆಯೂ ಹೇಳಲಾರರು ಎಂದು ಇಬ್ಬರಿಗೂ ಗೊತ್ತಿತ್ತು. ಸರ್ಟಿಫಿಕೇಟುಗಳನ್ನು ಎತ್ತಿಕೊಂಡು ಹೊರಬಂದೆ.

ಆಮೇಲೆ ಪೋತ್ತನೂರಿನ ಹತ್ತಿರ ಒಂದು ಮಿಲ್ಲಿನ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಬೆರಳಿಗೆ ಕಟ್ಟು ಹಾಕುವುದು, ತಲೆನೋವಿಗೆ ಮಾತ್ರೆ ಕೊಡುವುದು. ಹೆರಿಗೆ ಕೋಣೆಯೊಳಗೆ ಮತ್ತೆ ಕಾಲಿಡಲಿಲ್ಲ. ತಂಗಿ ಟ್ರೈನಿಂಗ್ ಮುಗಿಸಿ ಅದೇ ಆಸ್ಪತ್ರೆಯಲ್ಲಿ ನರ್ಸ್ ಆದಳು. ಅವಳ ಮದುವೆಗೆ ಅಮ್ಮ ಹೋಗಿಬಂದರು. ಅವಳು ನನ್ನ ಬಗ್ಗೆ ಕೇಳಿದಳಂತೆ, ಕಣ್ಣು ತುಂಬಿಕೊಂಡಳಂತೆ. "ಸಣ್ಣ ಹುಡ್ಗಿ, ಬಿಟ್ಟಾಕು" ಎಂದರು ಅಮ್ಮ. ಮದುವೆ ಮನೆಯಿಂದ ಅಮ್ಮ ತಂದಿದ್ದ ಸಿಹಿಯನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟು ಬಂದೆ.